ಗಾಜಿನ ಜಾಡಿಯೊಳಗಿನ ಬಿಳಿ ಧೂಳು

ಹೋದ ತಿಂಗಳು ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ನಿರ್ವಾತ ಪಂಪೊಂದನ್ನು ಹುಡುಗರು ಚಾಲೂ ಮಾಡಿದರು. ಐದು ನಿಮಿಷಕ್ಕೆ ಅದರೊಳಗಿನ ಎಣ್ಣೆ ಬಿಸಿಯಾಗಿ, ಕರಿದ ಹಪ್ಪಳಕ್ಕೂ ಸುಟ್ಟ ರಬ್ಬರಿಗೂ ನಡುವಿನ ಒಂದು ವಾಸನೆ ಕೋಣೆ ತುಂಬಿತು. ಹುಡುಗರು ಮೂಗು ಮುಚ್ಚಿಕೊಂಡು ಕಿಟಕಿ ತೆಗೆದರು. ನಾನು ಹೊರಗೆ ಹೋಗಬೇಕೆಂದು ಎದ್ದವಳು ಮತ್ತೆ ಕೂತೆ. ಎರಡು ಸಾವಿರದ ಏಳನೆಯ ಇಸವಿಯ ಬೇಸಿಗೆಯನ್ನು ನಾನು ಪೂರ್ತಿ ಈ ವಾಸನೆಯಲ್ಲೇ ಕಳೆದಿದ್ದೆ, ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ, ಒಂದು ಬ್ಯಾಂಕಿನ ಮೇಲಿನ ಮೂರನೆಯ ಮಹಡಿಯಲ್ಲಿ.

ಅದೊಂದು ಸಣ್ಣ ಸಂಶೋಧನಾ ಕೇಂದ್ರ. ಈಗ ಅದು ಇಲ್ಲ. ಮೂರು ಕೋಣೆ, ಒಂದು ಕಚೇರಿ, ಕೆಳಗಿನ ರಸ್ತೆಯಿಂದ ದಿನವಿಡೀ ಆಟೋಗಳ ಸದ್ದು. ನಾನಲ್ಲಿ ಪಿಎಚ್‌ಡಿಗೆ ಸೇರಿ ಎರಡು ವರ್ಷವಾಗಿತ್ತು. ನನ್ನ ವಿಷಯ ಮಂಗಳ ಗ್ರಹದ ಧೂಳು. ಅಲ್ಲಿಗೆ ಕಳಿಸಿದ ಯಂತ್ರಗಳ ಸೌರಫಲಕಗಳ ಮೇಲೆ ನುಣ್ಣನೆಯ ಧೂಳು ಕೂತುಬಿಡುತ್ತದೆ, ಕೊಡವಿದರೂ ಹೋಗುವುದಿಲ್ಲ. ಯಾಕೆ ಹಾಗೆ ಅಂಟುತ್ತದೆ, ಎಷ್ಟು ಸಣ್ಣ ಕಣವಾದರೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎನ್ನುವುದು ನನ್ನ ಪ್ರಶ್ನೆ. ಮಂಗಳದ ಮಣ್ಣು ಸಿಗುವ ಹಾಗಿರಲಿಲ್ಲವಾದ್ದರಿಂದ ಭೀಮಿಲಿ ರಸ್ತೆಯ ಕೆಂಪು ಮರಳ ದಿಬ್ಬಗಳ ಅಂಚಿನಿಂದ ಒಂದು ಚೀಲ ಮಣ್ಣು ತಂದು, ಒರಳಿನಲ್ಲಿ ಅರೆದು, ಸೋಸಿ, ದೊಡ್ಡ ಗಾಜಿನ ಜಾಡಿಯಲ್ಲಿ ಹಾಕಿ, ಪಂಪಿನಿಂದ ಗಾಳಿ ಎಳೆದುಬಿಡುತ್ತಿದ್ದೆ. ಗದಗಿನಿಂದ ಅವ್ವ ಫೋನು ಮಾಡಿದಾಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಮಂಗಳದ ಧೂಳ ತಗೊಂಡು ಏನ್ ಮಾಡ್ತಿ, ನಮ್ಮ ಅಟ್ಟದ ಮ್ಯಾಲಿಂದು ಸಾಲೂದಿಲ್ಲೇನು?"

ಜಾಡಿಯೊಳಗೆ ಹಾರುವ ಕಣಗಳನ್ನು ಎಣಿಸುವ ಯಂತ್ರವನ್ನು ಮಾಡಿಕೊಟ್ಟವರು ಮಾಲತೇಶ ಕಾಕಾ. ಅಪ್ಪನ ಗೆಳೆಯರು, ಹಾವೇರಿ ಕಡೆಯವರು. ವಿಶಾಖಪಟ್ಟಣದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳ ವಿಭಾಗದ ಎಂಜಿನಿಯರು. ಅವರ ಟೌನ್‌ಶಿಪ್ ಮನೆಯ ಮೇಲಿನ ಕೋಣೆಯಲ್ಲೇ ನಾನಿದ್ದೆ. ಅವರ ಹೆಂಡತಿ ತೆಲುಗಿನವರು. ಕಾಕಾ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಗಳು ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದಳು, ಇಬ್ಬರಿಗೂ ಅದು ವಿಚಿತ್ರವೆಂದು ಅನ್ನಿಸುತ್ತಿರಲಿಲ್ಲ. ಕಾಕಾ ಗುಜರಿಯಿಂದ ತಂದ ಬಿಡಿಭಾಗಗಳನ್ನು ಸೇರಿಸಿ ಒಂದು ಬೆಳಕಿನ ಗೆರೆ ಜಾಡಿಯನ್ನು ಹಾದುಹೋಗುವಂತೆ ಮಾಡಿದ್ದರು. ಗೆರೆಯನ್ನು ಒಂದು ಕಣ ದಾಟಿದರೆ ಒಂದು ಟಿಕ್. ಒಳಗಿನ ಲೋಹದ ತಟ್ಟೆಗೆ ವಿದ್ಯುತ್ ಕೊಟ್ಟ ಕೂಡಲೇ ಗಾಜಿಗೆ ಅಂಟಿದ ಧೂಳು ಜಿಗಿಯುತ್ತಿತ್ತು, ಯಂತ್ರ ಮಳೆ ಹನಿಯ ಹಾಗೆ ಟಿಕ್‌ಗುಟ್ಟುತ್ತಿತ್ತು.

ಪ್ರತಿ ಪ್ರಯೋಗಕ್ಕೂ ಮೊದಲು ಬರಿಯ ಜಾಡಿಯನ್ನು ಪರೀಕ್ಷಿಸುವುದು ನಿಯಮ. ಒಳಗೆ ಏನೂ ಹಾಕಿರದಾಗ ಯಂತ್ರ ಸುಮ್ಮನಿರಬೇಕು. ಏಪ್ರಿಲಿನಲ್ಲಿ ಅದು ಸುಮ್ಮನಿರುವುದನ್ನು ಬಿಟ್ಟಿತು. ಕೆಲವು ದಿನ ಮೌನ, ಕೆಲವು ದಿನ ಖಾಲಿ ಜಾಡಿಯೊಳಗಿಂದ ನೂರಾರು ಟಿಕ್. ನಾನು ತಂತಿಗಳನ್ನು ಬದಲಿಸಿದೆ, ಪಂಪಿನ ಎಣ್ಣೆ ಬದಲಿಸಿದೆ, ಕಿಟಕಿಗೆ ಹೊದಿಕೆ ಹಾಕಿದೆ. ಕಾಕಾ ಎರಡು ಭಾನುವಾರ ಬಂದು ಯಂತ್ರವನ್ನು ಬಿಚ್ಚಿ ಜೋಡಿಸಿದರು. ಯಂತ್ರದಲ್ಲಿ ತಪ್ಪಿಲ್ಲ ಎಂದು ಅವರು ಖಚಿತವಾಗಿ ಹೇಳಿದ ಮೇಲೆ, ಜಾಡಿಯ ಒಳಗೋಡೆಯನ್ನು ಒಂದು ಗಾಜಿನ ಪಟ್ಟಿಯಿಂದ ಸವರಿ ಸೂಕ್ಷ್ಮದರ್ಶಕದಡಿ ಇಟ್ಟೆ.

ನನ್ನ ಕೆಂಪು ಮಣ್ಣಿನ ಕಣಗಳು ನನಗೆ ಮನೆಯವರ ಮುಖದಷ್ಟು ಪರಿಚಿತ: ದುಂಡಗೆ, ತುಕ್ಕಿನ ಬಣ್ಣದ ಸಿಪ್ಪೆ. ಇವು ಬೇರೆ. ಬಣ್ಣವಿಲ್ಲ, ಅಂಚು ಚೂಪು, ಒಡೆದ ಕಲ್ಲುಸಕ್ಕರೆಯ ಹಾಗೆ. ಸೋಪಿನ ಪುಡಿಯಿರಬಹುದೆಂದು ಒಂದು ಹನಿ ನೀರು ಬಿಟ್ಟೆ. ಸೋಪಾಗಿದ್ದರೆ ಕರಗಬೇಕಿತ್ತು. ಕರಗಲಿಲ್ಲ. ಅರ್ಧ ಗಂಟೆ ಕಾದರೂ ಕರಗಲಿಲ್ಲ. ಅದೇನೆಂದು ನನಗೆ ತಿಳಿಯಲಿಲ್ಲ. ಆದರೆ ನೋಟ್‌ಬುಕ್ಕಿನ ಹಾಳೆಗಳನ್ನು ಹಿಂದೆ ತಿರುಗಿಸಿದಾಗ ಒಂದು ವಿಷಯ ಮಾತ್ರ ಸ್ಪಷ್ಟವಾಯಿತು. ಟಿಕ್‌ಗುಟ್ಟುವ ದಿನಗಳೆಲ್ಲ ಸತ್ಯವತಮ್ಮ ಜಾಡಿಯನ್ನು ಒರೆಸಿದ ಮಾರನೆಯ ದಿನಗಳು.

ಸತ್ಯವತಮ್ಮ ನಮ್ಮ ಕೇಂದ್ರದಲ್ಲಿ ಗುಡಿಸಿ, ಗಾಜಿನ ಸಾಮಾನು ತೊಳೆಯುತ್ತಿದ್ದವರು. ನಲವತ್ತು ದಾಟಿದ, ತೆಳ್ಳಗಿನ ಹೆಂಗಸು. ಆ ದೊಡ್ಡ ಜಾಡಿಯನ್ನು ನೆಲದ ಮೇಲೆ ಕಾಲು ಚಾಚಿ ಕೂತು, ಕೂಸಿಗೆ ಎಣ್ಣೆ ಹಚ್ಚುವವರ ಹಾಗೆ ಕಾಲ ಮೇಲೆ ಮಲಗಿಸಿಕೊಂಡು ಒರೆಸುತ್ತಿದ್ದರು. ನಾನು ಮಣ್ಣು ಅರೆಯುವಾಗ ಪಕ್ಕದಲ್ಲಿ ನಿಂತು, ಇಷ್ಟು ನುಣ್ಣಗೆ ಅರೆಯುವುದು ಯಾಕೆ, ಆ ಗ್ರಹದಲ್ಲಿ ಗಾಳಿ ಬೀಸುತ್ತದೆಯೇ, ಬೀಸಿದರೆ ಸದ್ದಾಗುತ್ತದೆಯೇ ಎಂದೆಲ್ಲ ಕೇಳುವರು. ನನ್ನ ಹರಕು ತೆಲುಗಿನಲ್ಲಿ ಅರ್ಧಂಬರ್ಧ ಹೇಳಿ ಸುಮ್ಮನಾಗುತ್ತಿದ್ದೆ. ಆಗ ನನಗೆ ಇಪ್ಪತ್ತಾರು. ನನ್ನ ಕೆಲಸ ಬಹಳ ಮುಖ್ಯವಾದದ್ದು ಎಂದು ತಿಳಿದಿದ್ದ ವಯಸ್ಸು.

ಯೋಜನೆಯ ವರದಿ ಕೊಡುವ ದಿನ ಹತ್ತಿರವಿತ್ತು. ನಾನು ಅವರನ್ನು ಏನೂ ಕೇಳಲಿಲ್ಲ. ಕಚೇರಿಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದೆ: ಗಾಜಿನ ಸಾಮಾನುಗಳನ್ನು ಶುಚಿಯಾಗಿ ತೊಳೆಯುತ್ತಿಲ್ಲ, ಈ ಕೆಲಸಕ್ಕೆ ಬೇರೆಯವರನ್ನು ಹಾಕಬೇಕು. ಆವತ್ತು ಅಟೆಂಡರ್ ರಜೆ. ಚೀಟಿಯನ್ನು ಮಡಿಸಿ ಸತ್ಯವತಮ್ಮನ ಕೈಗೇ ಕೊಟ್ಟು, ಕಚೇರಿಗೆ ತಲುಪಿಸಲು ಹೇಳಿದೆ.

ಮಾರನೆಯ ದಿನದಿಂದ ಅವರನ್ನು ಮೆಟ್ಟಿಲು ಮತ್ತು ಕಾರಿಡಾರು ಒರೆಸುವ ಕೆಲಸಕ್ಕೆ ಹಾಕಿದರು. ನನ್ನ ಜಾಡಿ ಮೌನವಾಯಿತು. ಮೇ ತಿಂಗಳ ಆ ಹನ್ನೆರಡು ದಿನ ನಾನು ಬಹಳ ಖುಷಿಯಲ್ಲಿ ಕೆಲಸ ಮಾಡಿದೆ. ಹದಿಮೂರನೆಯ ದಿನ ಶನಿವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಮೆಟ್ಟಿಲಿನ ಕಡೆಯಿಂದ ಬಕೆಟ್ಟು ಉರುಳಿದ ಸದ್ದು ಕೇಳಿ ಓಡಿದೆ. ಎರಡನೆಯ ಮಹಡಿಯ ತಿರುವಿನಲ್ಲಿ ಸತ್ಯವತಮ್ಮ ಬಿದ್ದಿದ್ದರು. ಕಣ್ಣು ಅರೆ ತೆರೆದಿತ್ತು, ಮೈಯೆಲ್ಲ ಬೆವರಿ ಸೀರೆ ಒದ್ದೆಯಾಗಿತ್ತು, ಬಲಗೈ ಮಣಿಕಟ್ಟು ತಿರುಚಿಕೊಂಡಿತ್ತು. ಬ್ಯಾಂಕಿನವರು ಯಾರೋ ತಂಪು ಪಾನೀಯ ತಂದು ಕುಡಿಸಿದರು. ಹತ್ತು ನಿಮಿಷಕ್ಕೆ ಅವರು ಎದ್ದು ಕೂತು, ಏನೂ ಆಗಿಲ್ಲ, ಶನಿವಾರದ ಉಪವಾಸ ಎಂದರು. ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿ, ರಕ್ತ ಪರೀಕ್ಷೆ ಮಾಡಿ, ನಿಶ್ಶಕ್ತಿ ಎಂದು ಟಾನಿಕ್ ಬರೆದುಕೊಟ್ಟರು.

ಮೆಟ್ಟಿಲಿಗೆ ಅವರನ್ನು ಕಳಿಸಿದವಳು ನಾನೇ ಎನ್ನುವುದು ನನ್ನ ತಲೆಯಿಂದ ಹೋಗಲಿಲ್ಲ. ನಾಲ್ಕು ದಿನ ಬಿಟ್ಟು ಹಣ್ಣು ತೆಗೆದುಕೊಂಡು ಅವರ ಮನೆಗೆ ಹೋದೆ. ರೈಲು ಹಳಿಯ ಆಚೆ ಒಂದು ಓಣಿಯಲ್ಲಿ ಒಂದೇ ಕೋಣೆ, ಕಿಟಕಿಯಿಲ್ಲದ ಒಂದು ಬಚ್ಚಲು. ಸತ್ಯವತಮ್ಮನ ಗಂಡ ಅಪ್ಪಾರಾವು ಎಡಗೈಯಲ್ಲಿ ಊಟ ಮಾಡಲು ಒದ್ದಾಡುತ್ತಿದ್ದ ಹೆಂಡತಿಗೆ ತುತ್ತು ಕಲಸಿ ಕೊಡುತ್ತಿದ್ದರು. ನನ್ನನ್ನು ನೋಡಿ ಇಬ್ಬರೂ ನಾಚಿಕೊಂಡರು. ಅಪ್ಪಾರಾವು ಪರವಾಡದ ಒಂದು ಔಷಧ ಕಾರ್ಖಾನೆಯಲ್ಲಿ ಪುಡಿ ಬೆರೆಸುವ ವಿಭಾಗದಲ್ಲಿದ್ದರು. ಮಾತಿನ ನಡುವೆ ಜೇಬಿನಿಂದ ಒಂದು ಬೆಲ್ಲದ ಚೂರು ತೆಗೆದು ಬಾಯಿಗೆ ಹಾಕಿಕೊಂಡರು. ನಾನು ನೋಡಿದ್ದಕ್ಕೆ ನಕ್ಕು, ತಮ್ಮ ಸೆಕ್ಷನ್ನಿನಲ್ಲಿ ಎಲ್ಲರ ಜೇಬಿನಲ್ಲೂ ಬೆಲ್ಲ ಇರುತ್ತದೆ ಎಂದರು. ಅಲ್ಲಿ ಹಸಿವು ಜಾಸ್ತಿ, ಮಧ್ಯಾಹ್ನಕ್ಕೆ ಕೈ ನಡುಗುತ್ತದೆ, ಹೊಸಬರು ಸೇರಿದರೆ ಹಳಬರು ಮೊದಲು ಹೇಳಿಕೊಡುವುದೇ ಬೆಲ್ಲದ ವಿಷಯ. ಕಷ್ಟದ ಕೆಲಸ ಕದಾ, ಅಲ್ಲವಾ, ಅಂದರು.

ಸತ್ಯವತಮ್ಮ ತಮಗೆ ಹೀಗೆ ತಲೆ ತಿರುಗುವುದು ಹೊಸದಲ್ಲವೆಂದರು. ಎರಡು ವರ್ಷದಿಂದ ಆಗೀಗ, ಬಹುತೇಕ ಶನಿವಾರ. ಓಣಿಯವರು ದೃಷ್ಟಿ ತೆಗೆದರು, ಅತ್ತೆ ಸಿಂಹಾಚಲಕ್ಕೆ ಹರಕೆ ಹೊತ್ತರು. ಆಮೇಲೆ ಅವರು ನಾನು ಕೇಳದೆಯೇ ಜಾಡಿಯ ವಿಷಯಕ್ಕೆ ಬಂದರು. ತಾನು ಎಂದೂ ಕೊಳಕು ಬಟ್ಟೆ ಹಾಕಿ ಒರೆಸಿದವಳಲ್ಲ. ಗಂಡನ ಹಳೆಯ ಕೆಲಸದ ಕೋಟು ಹರಿದಾಗ ಅದರ ಹಿಂಭಾಗ ಕತ್ತರಿಸಿ, ದಿನವೂ ಒಗೆಯುವ ಕೋಟಿನ ಹಾಗೆ ಅದನ್ನೂ ಬಚ್ಚಲಿನಲ್ಲಿ ಚೆನ್ನಾಗಿ ಕೊಡವಿ ತರುತ್ತಿದ್ದೆ, ಅದಕ್ಕಿಂತ ಮೆತ್ತಗಿನದು, ನೂಲು ಬಿಡದಿರುವುದು ಬೇರೊಂದಿಲ್ಲ ಎಂದು ಹೇಳಿ, ಎಡಗೈಯಿಂದ ಮೂಲೆಯ ಗೂಡಿನಿಂದ ಒಂದು ತುಂಡು ತೆಗೆದು ನನ್ನ ಮಡಿಲಿಗೆ ಹಾಕಿದರು. ಬಿಳಿ ಬಟ್ಟೆ. ನೋಡಲು ಶುಭ್ರವಾಗಿತ್ತು.

ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ಗಾಜಿನ ಪಟ್ಟಿಯ ಮೇಲೆ ಒಮ್ಮೆ ತಟ್ಟಿದೆ. ಸೂಕ್ಷ್ಮದರ್ಶಕದಡಿ ಅದೇ ಚೂಪು ಅಂಚಿನ ಕಣಗಳು. ನೀರು ಬಿಟ್ಟೆ, ಕರಗಲಿಲ್ಲ. ಆ ಕ್ಷಣ ನನಗೆ ಮೊದಲು ಆದದ್ದು ಸಂತೋಷ. ಒಗಟು ಬಿಡಿಸಿದೆ ಎಂಬ ಶುದ್ಧ ಸಂತೋಷ. ಅದನ್ನು ಮುಚ್ಚಿಡುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಈ ಪುಡಿ ನನ್ನ ಜಾಡಿಗೆ ಇಷ್ಟು ಬಂದಿದ್ದರೆ ಆ ಕಿಟಕಿಯಿಲ್ಲದ ಬಚ್ಚಲಿನಲ್ಲಿ ಕೋಟು ಕೊಡವುವಾಗ ಎಷ್ಟು ಹಾರಿರಬೇಕು ಎಂಬ ಯೋಚನೆ ಬಂತು. ನುಣ್ಣನೆಯ ಧೂಳು ಹೇಗೆ ಅಂಟುತ್ತದೆ, ಹೇಗೆ ಬಿಡುತ್ತದೆ ಎನ್ನುವುದನ್ನು ಆ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಬಲ್ಲ ನಾನೇ ಅವರನ್ನು ಒಂದು ಮಾತು ಕೇಳದೆ ಮೆಟ್ಟಿಲಿಗೆ ಕಳಿಸಿದ್ದೆ.

ಮಾರನೆಯ ಬೆಳಿಗ್ಗೆಯ ರೈಲು ಹಿಡಿದು ವಿಜಯವಾಡಕ್ಕೆ ಹೋದೆ. ಅಲ್ಲಿ ಗವರ್ನರ್‌ಪೇಟೆಯಲ್ಲಿ ನನ್ನ ಚಿಗವ್ವ, ಎಂದರೆ ಅವ್ವನ ತಂಗಿ ಗಿರಿಜಾ, ಡಾಕ್ಟರಾಗಿದ್ದಳು. ಹುಬ್ಬಳ್ಳಿಯಲ್ಲಿ ಓದುವಾಗ ಜೊತೆಗಿದ್ದ ತೆಲುಗು ಹುಡುಗನನ್ನು ಮದುವೆಯಾಗಿ ಬಂದವಳು, ಇಪ್ಪತ್ತೈದು ವರ್ಷದಿಂದ ಅದೇ ಸಂದಿಯಲ್ಲಿ ಕ್ಲಿನಿಕ್ ನಡೆಸುತ್ತಿದ್ದಳು. ಕೆಳಗೆ ಸಗಟು ಕಾಗದದ ಅಂಗಡಿ, ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲು ಹತ್ತಬೇಕು. ರೈಲಿನಲ್ಲಿ ಆರೇಳು ಗಂಟೆ ಬೆಂದು, ಆ ಊರಿನ ಮೇ ತಿಂಗಳ ಮಧ್ಯಾಹ್ನದಲ್ಲಿ ನಾನು ಮೇಲೆ ಹೋದಾಗ ಕೊನೆಯ ರೋಗಿಯನ್ನು ಕಳಿಸಿ ಅವಳು ಮಜ್ಜಿಗೆ ಕುಡಿಯುತ್ತಿದ್ದಳು. ನನಗೂ ಒಂದು ಲೋಟ ಕೊಟ್ಟು ಪೂರ್ತಿ ಕೇಳಿದಳು. ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಅವಳು ಕೇಳಿದ್ದು ಬಟ್ಟೆಯ ವಿಷಯ ಅಲ್ಲ.

"ಅಕಿ ಬಿದ್ದಾಗ ಮೊದಲ ಏನ್ ಕುಡಿಸಿದ್ರಿ?"

ತಂಪು ಪಾನೀಯ ಎಂದೆ. ಮನೆಯಲ್ಲಾದರೆ ಸಕ್ಕರೆ ನೀರು.

"ರಕ್ತ ತಗದದ್ದು ಅದರ ಮ್ಯಾಲೆ. ಹೌದಿಲ್ಲೋ? ಸಕ್ಕರಿ ಕುಡಿಸಿ ಸಕ್ಕರಿ ನೋಡಿದ್ರ ಸರೀನ ಬರತೈತಿ ಕದಾ. ಆ ಗಂಡ ಜೇಬಿನ್ಯಾಗ ಬೆಲ್ಲ ಯಾಕ ಇಟ್ಕೊಂಡಾನ, ಯೋಚನಿ ಮಾಡು. ಅಲ್ಲಿ ಮಾಡೂದು ಯಾವ ಔಷಧ ಅಂತ ಕೇಳಿದೇನು?"

ಕೇಳಿರಲಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳ ಪುಡಿ ಆರೋಗ್ಯವಂತರ ಮೈಗೆ ಸೇರಿದರೆ ರಕ್ತದ ಸಕ್ಕರೆ ಇಳಿದುಹೋಗುತ್ತದೆ, ಉಪವಾಸವಿದ್ದರೆ ಇನ್ನೂ ಬೇಗ ಎಂದು ಚಿಗವ್ವ ವಿವರಿಸಿದಳು. ಆದರೆ ಅದು ಈಗ ಬರಿಯ ಊಹೆ, ಯಾರ ಮುಂದೂ ಖಚಿತವೆಂದು ಹೇಳಬೇಡ ಎಂದು ಎರಡು ಸಲ ಎಚ್ಚರಿಸಿದಳು. ತನ್ನ ಮೇಜಿನಿಂದ ಬೆರಳು ಚುಚ್ಚಿ ಸಕ್ಕರೆ ನೋಡುವ ಸಣ್ಣ ಯಂತ್ರ ತೆಗೆದು, ನನ್ನ ಬೆರಳಿನ ಮೇಲೇ ಮೂರು ಸಲ ಅಭ್ಯಾಸ ಮಾಡಿಸಿದಳು. ಯಾವ ಅಂಕಿಗಿಂತ ಕೆಳಗೆ ಹೋದರೆ ಅಪಾಯ ಎಂದು ನನ್ನ ಅಂಗೈ ಮೇಲೆ ಬರೆದಳು. ಸತ್ಯವತಮ್ಮ ಉಪವಾಸ ಬಿಡಬೇಕು, ಕೋಟನ್ನು ಯಾರೂ ಕೊಡವಬಾರದು, ಹೊರಗೆ ನೀರಿನಲ್ಲಿ ಅದ್ದಿಯೇ ಮುಟ್ಟಬೇಕು, ಗಂಡ ಡ್ಯೂಟಿ ಮುಗಿಸಿ ಬಂದಾಗ ಬೆಲ್ಲ ತಿನ್ನುವ ಮೊದಲು ಒಮ್ಮೆ ಅವನ ಬೆರಳು ನೋಡು ಅಂದಳು.

ಮೊದಲ ಪಾಳಿ ಮುಗಿಸಿದವರ ಕಂಪನಿ ಬಸ್ಸು ಮಧ್ಯಾಹ್ನ ಮೂರರ ಸುಮಾರಿಗೆ ಹಳಿಯ ಗೇಟಿನ ಹತ್ತಿರ ಬರುತ್ತಿತ್ತು. ಜೂನ್ ಮೊದಲ ವಾರ, ಮಳೆ ಇನ್ನೂ ಬಂದಿರಲಿಲ್ಲ, ಬೆವರು ಒಣಗದ ಸಮುದ್ರದ ಸೆಕೆ. ನಾನು ಸತ್ಯವತಮ್ಮನ ಜೊತೆ ಚಹದಂಗಡಿಯ ನೆರಳಿನಲ್ಲಿ ಕಾದೆ. ಅಪ್ಪಾರಾವು ಇಳಿಯುತ್ತಿದ್ದಂತೆ ಅವರ ಕೈ ಜೇಬಿಗೆ ಹೋಯಿತು. ಹೆಂಡತಿ ಆ ಕೈ ಹಿಡಿದುಕೊಂಡರು. ಬೆಂಚಿನ ಮೇಲೆ ಕೂರಿಸಿ ಬೆರಳು ಚುಚ್ಚಿದೆ. ಯಂತ್ರದಲ್ಲಿ ಬಂದ ಅಂಕಿ ನನ್ನ ಅಂಗೈಯಲ್ಲಿ ಬರೆದಿದ್ದಕ್ಕಿಂತ ಬಹಳ ಕೆಳಗಿತ್ತು. ಕೂಡಲೇ ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳಲು ಹೇಳಿದೆ.

ಜೊತೆಗೆ ಇಳಿದವರು ಸುತ್ತ ನಿಂತಿದ್ದರು. ಏನು ನೋಡುತ್ತಿದ್ದೀರಿ ಎಂದು ಒಬ್ಬರು ಕೇಳಿದರು. ಹೇಳಿದೆ. ಅವರೂ ಟಿಫಿನ್ ಕ್ಯಾರಿಯರನ್ನು ಕೆಳಗಿಟ್ಟು ಬೆರಳು ಚಾಚಿದರು. ಅವರ ಹಿಂದೆ ಇನ್ನಿಬ್ಬರು. ಅವರಲ್ಲಿ ಪ್ಯಾಕಿಂಗ್ ವಿಭಾಗದವರೊಬ್ಬರದು ಮಾತ್ರ ಸರಿಯಾಗಿತ್ತು. ಅಪ್ಪಾರಾವು ಸೇರಿ ಪುಡಿ ಬೆರೆಸುವ ಮೂವರದೂ ಕೆಳಗೆ. ಆ ಮೂವರ ಜೇಬಿನಲ್ಲೂ ಬೆಲ್ಲ ಇತ್ತು. ಯಾವ ಔಷಧವೆಂದು ಈಗ ಕೇಳಿದೆ. ಹೆಸರು ಹೇಳಲು ಬರುವುದಿಲ್ಲ, ಡ್ರಮ್ಮಿನ ಮೇಲೆ ಇಂಗ್ಲಿಷಿನಲ್ಲಿದೆ, ಆದರೆ ಅದು ಷುಗರ್ ಮಂದು ಎಂದರು. ಷುಗರ್ ಮಂದು, ಸಕ್ಕರೆ ಕಾಯಿಲೆಯ ಔಷಧ. ಇಷ್ಟು ವರ್ಷ ಅವರೆಲ್ಲ ಅದಕ್ಕೆ ಮದ್ದನ್ನು ತಾವೇ ಕಂಡುಕೊಂಡು ಜೇಬಿನಲ್ಲಿ ಇಟ್ಟುಕೊಂಡಿದ್ದರು. ಕಾಯಿಲೆ ಯಾವುದೆಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಚಿಗವ್ವನ ಊಹೆಯನ್ನು ಅಪ್ಪಾರಾವುಗೆ ಆದಷ್ಟು ನಿಧಾನವಾಗಿ ತಿಳಿಸಿದೆ. ಅವರು ತಮ್ಮ ಬಗ್ಗೆ ಏನೂ ಕೇಳಲಿಲ್ಲ. ಹೆಂಡತಿಯ ಪ್ಲಾಸ್ಟರ್ ಹಾಕಿದ ಕೈಯನ್ನೇ ನೋಡುತ್ತ, "ಅಂಟೇ, ನೇನೇ ತೆಚ್ಚಾನಾ?" ಅಂದರು. ಅಂದರೆ, ನಾನೇ ತಂದೆನಾ. ಸತ್ಯವತಮ್ಮ ಎಡಗೈಯಿಂದ ಗಂಡನ ಅಂಗಿಯ ಕಾಲರನ್ನು ಸರಿಮಾಡಿದರು.

ಅವರೆಲ್ಲರ ಕೋರಿಕೆ ಒಂದೇ ಆಗಿತ್ತು: ಕಾಗದದ ಮೇಲೆ ತಮ್ಮ ಹೆಸರು ಬರಬಾರದು. ಕಾಂಟ್ರ್ಯಾಕ್ಟಿನ ಕೆಲಸ, ಯಾರು ಬಾಯಿ ಬಿಟ್ಟರೆಂದು ತಿಳಿದರೆ ನಾಳೆ ಗೇಟಿನ ಹೊರಗೆ. ಆ ಸಂಜೆ ಟೌನ್‌ಶಿಪ್ಪಿನಲ್ಲಿ ಮಾಲತೇಶ ಕಾಕಾನ ಮುಂದೆ ಎಲ್ಲ ಹೇಳಿ, ಪತ್ರಿಕೆಗೆ ಬರೆಯಬೇಕು, ದೂರು ಕೊಡಬೇಕು ಎಂದೆಲ್ಲ ಕೂಗಾಡಿದೆ. ಕಾಕಾ ನನ್ನ ಸಿಟ್ಟು ಇಳಿಯುವ ತನಕ ಕಾದು ಹೇಳಿದರು: "ನಿನಗ ನ್ಯಾಯ ಬೇಕೋ, ಧೂಳ ಕಡಿಮಿ ಆಗಬೇಕೋ? ಎರಡೂ ಬೇಕು ಅಂದ್ರ ಮೊದಲ ಧೂಳ ನೋಡೋಣು. ಅದು ಶನಿವಾರದ ತನಕ ಕಾಯೂದಿಲ್ಲ."

ಆ ಮಾತು ಸರಿಯೋ ತಪ್ಪೋ ಎಂದು ನಾನು ಈಗಲೂ ಯೋಚಿಸುತ್ತೇನೆ. ಆವತ್ತು ಒಪ್ಪಿದೆ. ಚಿಗವ್ವ ಕಾರ್ಖಾನೆಗೆ ವಾರಕ್ಕೊಮ್ಮೆ ಬರುವ ಡಾಕ್ಟರರಿಗೆ, ಒಬ್ಬ ಡಾಕ್ಟರು ಇನ್ನೊಬ್ಬರಿಗೆ ಬರೆಯುವ ಹಾಗೆ, ಯಾರ ಹೆಸರೂ ಇಲ್ಲದೆ ಎರಡು ಪುಟ ಬರೆದಳು: ಆ ವಿಭಾಗದವರ ಸಕ್ಕರೆಯನ್ನು ಪಾಳಿ ಮುಗಿಯುವಾಗ, ಏನನ್ನೂ ತಿನ್ನುವ ಮೊದಲು ನೋಡಿ. ಕಾಕಾ ಅಲ್ಲಿನ ಮೇಂಟೆನೆನ್ಸ್ ಎಂಜಿನಿಯರ್ ಒಬ್ಬರನ್ನು ಪತ್ತೆ ಮಾಡಿದರು, ಬಳ್ಳಾರಿಯವರು, ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚುವಾಗ ಪರಿಚಯವಾದವರು. ಅವರನ್ನು ಊಟಕ್ಕೆ ಕರೆದು, ರೊಟ್ಟಿ ಪಲ್ಯ ಬಡಿಸಿ, ನನ್ನ ಜಾಡಿಯ ಕಥೆಯನ್ನು ಧೂಳಿನ ಕಥೆಯಾಗಿ ಮಾತ್ರ ಹೇಳಿಸಿದರು. ಆ ಮನುಷ್ಯ ಊಟ ಮುಗಿಸುವ ಹೊತ್ತಿಗೆ ತಟ್ಟೆಯ ಪಕ್ಕದ ಕಾಗದದ ಮೇಲೆ ಗಾಳಿ ಎಳೆಯುವ ಕೊಳವೆಗಳ ಚಿತ್ರ ಬರೆಯತೊಡಗಿದ್ದರು.

ಕಾರ್ಖಾನೆಯವರು ಏನನ್ನೂ ಒಪ್ಪಿಕೊಳ್ಳಲಿಲ್ಲ. ಆದರೆ ದಸರೆಯ ಹೊತ್ತಿಗೆ ಪುಡಿ ಬೆರೆಸುವಲ್ಲಿ ಹೊಸ ಕೊಳವೆ ಬಂತು, ಸ್ನಾನದ ಕೋಣೆ ಬಂತು, ಕೋಟುಗಳನ್ನು ಮನೆಗೆ ಒಯ್ಯಬಾರದು, ಅಲ್ಲೇ ಒಗೆಸುತ್ತೇವೆ ಎಂಬ ನೋಟೀಸು ಬಂತು. ಅಪ್ಪಾರಾವು ಎರಡು ತಿಂಗಳ ಮೇಲೆ ಬೆಲ್ಲ ಬಿಟ್ಟರು. ಬಿಟ್ಟ ಮೇಲೂ ಕೆಲವು ದಿನ ಕೈ ಸುಮ್ಮನೆ ಜೇಬಿಗೆ ಹೋಗುತ್ತಿತ್ತಂತೆ. ಹಿಂದಿನ ವರ್ಷಗಳಲ್ಲಿ ಆ ಬಸ್ಸಿನಲ್ಲಿ ಎಷ್ಟು ಮನೆಗಳಿಗೆ ಎಷ್ಟು ಕೋಟು ಹೋಗಿತ್ತೋ, ಎಷ್ಟು ಜನ ಬಚ್ಚಲಿನಲ್ಲಿ ಬಿದ್ದಿದ್ದರೋ, ಅದನ್ನು ಯಾರೂ ಲೆಕ್ಕ ಹಾಕಲಿಲ್ಲ. ನಾನೂ ಹಾಕಲಿಲ್ಲ. ಅದು ನನ್ನೊಳಗೆ ಉಳಿದುಬಿಟ್ಟಿದೆ.

ಇತ್ತ ನನ್ನ ಕೆಲಸದ ಗತಿ. ನನ್ನ ಮಾರ್ಗದರ್ಶಕರು ಪ್ರಸಾದ್ ಸರ್, ಮಿತಭಾಷಿ. ಕೆಟ್ಟ ದಿನಗಳ ಅಂಕಿಗಳನ್ನು ಬಿಟ್ಟು ಉಳಿದವನ್ನು ವರದಿಗೆ ಸೇರಿಸು ಎಂದು ಅವರು ಮೊದಲೇ ಹೇಳಿದ್ದರು. ಆದರೆ ಸತ್ಯವತಮ್ಮ ಆ ಬಟ್ಟೆಯನ್ನು ಫೆಬ್ರವರಿಯಿಂದ ಬಳಸುತ್ತಿದ್ದರು. ಟಿಕ್‌ಗುಟ್ಟದ ದಿನಗಳಲ್ಲೂ ಆ ಪುಡಿ ಜಾಡಿಯಲ್ಲಿ ಇರಲಿಲ್ಲವೆಂದು ನಾನು ಹೇಗೆ ಹೇಳಲಿ? ಎಲ್ಲ ತೆಗೆದುಹಾಕಬೇಕು ಎಂದೆ. ಅವರು, ಹಾಗಿದ್ದರೆ ಮಳೆಗಾಲ ಮುಗಿಯುವ ತನಕ ಕಾಯಬೇಕು, ತೇವದ ಗಾಳಿಯಲ್ಲಿ ಧೂಳು ಜಿಗಿಯುವುದಿಲ್ಲ, ನೀನು ಒಂದು ವರ್ಷ ಹಿಂದೆ ಬೀಳುತ್ತೀಯ, ತಿಳಿದಿದೆ ತಾನೇ ಅಂದರು. ತಿಳಿದಿತ್ತು. ಅವರು ವರದಿಯನ್ನು ನನ್ನ ಕಡೆ ತಳ್ಳಿ, ನೀನೇ ಹೊಡೆದುಹಾಕು ಎಂದು ತಮ್ಮ ಪೆನ್ನು ಕೊಟ್ಟರು.

ಕಚೇರಿಗೆ ಇನ್ನೊಂದು ಚೀಟಿ ಬರೆದೆ. ಮೊದಲಿನ ಚೀಟಿ ತಪ್ಪು, ಗಾಜಿನ ಕೆಲಸಕ್ಕೆ ಸತ್ಯವತಮ್ಮನವರೇ ಬೇಕು. ಇದನ್ನು ನಾನೇ ಒಯ್ದು ಕೊಟ್ಟೆ. ಜುಲೈನಲ್ಲಿ ಅವರ ಪ್ಲಾಸ್ಟರ್ ಬಿಚ್ಚಿದರು. ಮಣಿಕಟ್ಟು ಸ್ವಲ್ಪ ಓರೆಯಾಗಿಯೇ ಕೂಡಿತ್ತು. ಕೆಲಸಕ್ಕೆ ಮರಳಿದ ದಿನ, ಹೊರಗೆ ಮಳೆ ಹೊಯ್ಯುತ್ತಿರುವಾಗ, ಮೆಟ್ಟಿಲಿಗೆ ಅವರನ್ನು ಹಾಕಿಸಿದವಳು ನಾನು ಎಂದು ಹೇಳಿಬಿಟ್ಟೆ. ಅವರು ಜಾಡಿಯಿಂದ ಕಣ್ಣೆತ್ತಲಿಲ್ಲ.

"ಗೊತ್ತು, ಪದ್ಮಮ್ಮಾ. ಕಚೇರಿಯ ಗುಮಾಸ್ತರು ಆವತ್ತೇ ತೆಲುಗಿನಲ್ಲಿ ಓದಿ ಹೇಳಿದರು. ನೀನು ಒಂದು ಮಾತು ಕೇಳಿದ್ದರೆ ನಾನೇ ಬಟ್ಟೆ ತೋರಿಸುತ್ತಿದ್ದೆ."

ಅಷ್ಟೇ. ಬಯ್ದಿದ್ದರೆ ಮರೆತುಹೋಗುತ್ತಿತ್ತೇನೋ. ಅಂದಿನಿಂದ ನಾನು ಅವರ ಪ್ರಶ್ನೆಗಳಿಗೆ ಅರ್ಧ ಉತ್ತರ ಕೊಡುವುದನ್ನು ಬಿಟ್ಟೆ.

ಜನವರಿಯ ಒಣ ಗಾಳಿ ಬಂದ ಮೇಲೆ ಪ್ರಯೋಗಗಳನ್ನು ಮೊದಲಿನಿಂದ ಶುರುಮಾಡಿದೆ. ಒಂದು ದಿನ ಸತ್ಯವತಮ್ಮನಿಗೆ ಸೂಕ್ಷ್ಮದರ್ಶಕದಲ್ಲಿ ಎರಡು ಪಟ್ಟಿಗಳನ್ನು ತೋರಿಸಿದೆ. ಒಂದು ಕೆಂಪು ಮಣ್ಣು, ಒಂದು ಅವರ ಮನೆಯ ಕೋಟಿನದು. ಎರಡನೆಯದನ್ನು ಬಹಳ ಹೊತ್ತು ನೋಡಿದರು. ಇಷ್ಟು ಚೆನ್ನಾಗಿದೆಯಲ್ಲ ನೋಡಲು ಎಂದರು. ಆಮೇಲೆ ಮಂಗಳಕ್ಕೆ ಮನುಷ್ಯರು ಹೋಗುತ್ತಾರೆಯೇ ಎಂದು ಕೇಳಿದರು. ಮುಂದೆ ಎಂದಾದರೂ ಹೋಗಬಹುದು ಎಂದೆ.

"ಅಲ್ಲಿ ಅವರ ಬಟ್ಟೆ ಯಾರು ಒಗೆಯುತ್ತಾರೆ?"

ನಗು ಬಂತು. ಆಮೇಲೆ ನಗು ನಿಂತಿತು. ಮೂರು ವರ್ಷದಿಂದ ನಾನು ಗಾಜಿನ ಮೇಲೆ, ಲೋಹದ ಮೇಲೆ, ಫಲಕದ ಮೇಲೆ ಧೂಳು ಅಂಟುವುದನ್ನೇ ಅಳೆದಿದ್ದೆ. ಬಟ್ಟೆಯ ಮೇಲೆ ಒಂದು ಸಲವೂ ಅಳೆದಿರಲಿಲ್ಲ. ಧೂಳು ಮೆತ್ತಿದ ಉಡುಪಿನಲ್ಲಿ ಮನುಷ್ಯ ತನ್ನ ಗೂಡಿನೊಳಗೆ ಬಂದರೆ ಆ ಧೂಳು ಹೋಗುವುದು ಅವನ ಎದೆಗೇ. ಅಲ್ಲಿ ಒಗೆಯಲು ನೀರು ಇಲ್ಲ ಎಂದೆ. ಸತ್ಯವತಮ್ಮ ಓರೆಯಾದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಒತ್ತಿಕೊಳ್ಳುತ್ತ ಯೋಚಿಸಿದರು.

"ನೀಳ್ಳು ಲೇಕಪೋತೇ, ಬಯಟೇ ವಿಪ್ಪೇಸಿ ಲೋಪಲಿಕಿ ರಾವಾಲಿ," ಎಂದರು. ನೀರಿಲ್ಲದಿದ್ದರೆ ಹೊರಗೇ ಕಳಚಿ ಒಳಗೆ ಬರಬೇಕು.

ಬಾಹ್ಯಾಕಾಶದ ಎಂಜಿನಿಯರುಗಳು ಉಡುಪನ್ನು ಹೊರಗೋಡೆಗೇ ನೇತುಬಿಟ್ಟು ಅದರ ಬೆನ್ನಿನ ಬಾಗಿಲಿನಿಂದ ಒಳಕ್ಕೆ ನುಸುಳುವ ಉಪಾಯವೊಂದನ್ನು ಮೊದಲೇ ಯೋಚಿಸಿದ್ದರೆಂದು ಆಮೇಲೆ ಓದಿ ತಿಳಿದೆ. ಆದರೆ ನನಗೆ ಅದು ಬಂದದ್ದು ಓದಿನಿಂದಲ್ಲ. ಆ ವರ್ಷವಿಡೀ ಬಟ್ಟೆಯ ಮೇಲಿನ ಧೂಳನ್ನು ಅಳೆದೆ. ಅದು ನನ್ನ ಪ್ರಬಂಧದ ಕೊನೆಯ ಅಧ್ಯಾಯವಾಯಿತು.

ಮೌಖಿಕ ಪರೀಕ್ಷೆಗೆ ಬಂದ ಹಿರಿಯರು ಹಿಂದಿನ ನಾಲ್ಕು ಅಧ್ಯಾಯ ಬಿಟ್ಟು ಅದರ ಮೇಲೆಯೇ ಒಂದು ಗಂಟೆ ಪ್ರಶ್ನೆ ಕೇಳಿದರು. ಈ ಪ್ರಶ್ನೆ ನಿಮಗೆ ಹೇಗೆ ಹೊಳೆಯಿತು ಎಂದರು. ನನಗೆ ಹೊಳೆದದ್ದಲ್ಲ, ನಮ್ಮಲ್ಲಿ ಗಾಜು ತೊಳೆಯುವ ಸತ್ಯವತಮ್ಮನವರು ಕೇಳಿದ್ದು ಎಂದೆ. ಅವರು ನಗಲಿಲ್ಲ. ಪ್ರಬಂಧದ ಆ ಪುಟ ತೆರೆದು, ಹಾಗಿದ್ದರೆ ಇಲ್ಲಿ ಅವರ ಹೆಸರು ಪೂರ್ತಿ ಇರಬೇಕಲ್ಲ, ಅವರ ಮನೆತನದ ಹೆಸರೇನು ಎಂದು ಪೆನ್ನು ಹಿಡಿದು ಕಾದರು.

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅದನ್ನೂ ಕೇಳಿರಲಿಲ್ಲ. ಒಂದು ನಿಮಿಷ ಎಂದು ಎದ್ದು, ಕಾರಿಡಾರು ದಾಟಿ ತೊಳೆಯುವ ಕೋಣೆಗೆ ಓಡಿದೆ. ಅವರು ನಲ್ಲಿಯ ಕೆಳಗೆ ಗಾಜಿನ ಬಟ್ಟಲುಗಳನ್ನು ಜಾಲಿಸುತ್ತಿದ್ದರು. ನಾನು ಕೇಳಿದ್ದನ್ನು, ಯಾಕೆ ಕೇಳುತ್ತಿದ್ದೇನೆಂಬುದನ್ನು ಪೂರ್ತಿ ಕೇಳಿಸಿಕೊಂಡು ನಲ್ಲಿ ನಿಲ್ಲಿಸಿದರು.

"ಅತ್ತೆಮನೆಯದೋ, ಹುಟ್ಟಿದ ಮನೆಯದೋ?"

ನಿಮಗೆ ಯಾವುದು ಬೇಕೋ ಅದು ಎಂದೆ. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು, ಅದು ಅಚ್ಚಾಗುತ್ತದೆಯೇ ಎಂದು ಒಮ್ಮೆ ಕೇಳಿ ಖಚಿತ ಮಾಡಿಕೊಂಡು, ಹುಟ್ಟಿದ ಮನೆಯ ಹೆಸರನ್ನು ಹೇಳಿದರು. 'ಪೈಲ.' ಸರಿಯಾಗಿ ಬರೆಯಬೇಕೆಂದು ಮತ್ತೊಮ್ಮೆ ಬಿಡಿಸಿ ಹೇಳಿದರು. ನಾನು ಅದನ್ನು ಅಂಗೈ ಮೇಲೆ ಬರೆದುಕೊಂಡು ಒಳಗೆ ಹೋದೆ.